ರುದ್ರಾಣಿ ಅಂಟಿಸಿದ ಫಲಿತಾಂಶ

ಕಳಸದ ಮುಖ್ಯರಸ್ತೆಯಲ್ಲಿ ರೇವಣ್ಣನ ದಿನಸಿ ಅಂಗಡಿಯ ಪಕ್ಕದಲ್ಲಿ ಒಂದು ಕಿರಿದಾದ ಮೆಟ್ಟಿಲಿತ್ತು. ಹತ್ತಿ ಹೋದರೆ ಮಹಡಿಯಲ್ಲಿ ಆರು ಟೈಪ್‌ರೈಟರುಗಳು, ಒಂದು ಗೋಡೆ ಗಡಿಯಾರ, ಬಾಗಿಲಿಗೆ ಎದುರಾಗಿ ಕುಳಿತ ರುದ್ರಾಣಿ. ಅವರು ರೇವಣ್ಣನ ತಂಗಿ. ಚಿಕ್ಕಮಗಳೂರಿನಲ್ಲಿ ಸೀನಿಯರ್ ಟೈಪಿಂಗ್ ಪಾಸು ಮಾಡಿಕೊಂಡು ಬಂದು 1992ರಲ್ಲಿ ಆ ಇನ್‌ಸ್ಟಿಟ್ಯೂಟ್ ತೆರೆದಾಗ ಅವರಿಗೆ ಇಪ್ಪತ್ತಮೂರು ವರ್ಷ. ನಾನು ಅಲ್ಲಿ 1996ರಲ್ಲಿ ಜೂನಿಯರ್ ಕಲಿತವನು. ಅದಕ್ಕೇ ಅವರನ್ನು ಬರೀ ಹೆಸರು ಹಿಡಿದು ಬರೆಯುವಾಗ ಇವತ್ತಿಗೂ ಕೈ ಸ್ವಲ್ಪ ತಡೆಯುತ್ತದೆ. ನಮಗೆಲ್ಲ ಅವರು ಟೀಚರ್.

ತಪ್ಪು ಎಂದರೆ ಅವರಿಗೆ ಹೆದರಿಕೆ. ನಾವು ಟೈಪ್ ಮಾಡಿದ ಹಾಳೆಯಲ್ಲಿ ತಪ್ಪಿದ್ದರೆ ಬೈಯುತ್ತಿರಲಿಲ್ಲ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಸುಮ್ಮನೆ ಮುಖ ನೋಡುತ್ತಿದ್ದರು. ತಾವು ಟೈಪ್ ಮಾಡಿದ್ದನ್ನು ಮಾತ್ರ ಕೊನೆಯ ಸಾಲಿನಿಂದ ಮೇಲಕ್ಕೆ, ಒಂದೊಂದೇ ಪದವಾಗಿ ಓದಿ ನೋಡುತ್ತಿದ್ದರು. ಮೊದಲಿನಿಂದ ಓದಿದರೆ ಮನಸ್ಸು ಮುಂದೋಡಿ ಕಣ್ಣಿಗೆ ಮೋಸ ಮಾಡುತ್ತದೆ ಎನ್ನುವುದು ಅವರ ಲೆಕ್ಕ. ಶುರುವಿನ ವರ್ಷಗಳಲ್ಲಿ ಸಂಸೆಯ ಒಬ್ಬ ಮುದುಕಿಯ ಅರ್ಜಿಯಲ್ಲಿ ಸರ್ವೆ ನಂಬರು 84 ಅನ್ನು 48 ಎಂದು ಹೊಡೆದುಬಿಟ್ಟಿದ್ದರಂತೆ. ಆ ಮುದುಕಿ ಮೂರು ಸಲ ಮೂಡಿಗೆರೆಯ ತಾಲ್ಲೂಕು ಕಚೇರಿಗೆ ಬಸ್ಸು ಹತ್ತಬೇಕಾಯಿತು. ಸಂಜೆ ಬೀಗ ಹಾಕಿದ ಮೇಲೂ ಕೆಳಗಿಳಿದು ಹೋದವರು ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುತ್ತಿದ್ದರು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ನಿಂತುಹೋಯಿತು. ಆ ಬಗ್ಗೆ ಅವರು ಏನಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಹೊಸ ಶತಮಾನ ಬಂದ ಮೇಲೆ ಟೈಪಿಂಗ್ ಕಲಿಯುವವರು ಕಡಿಮೆಯಾದರು. ರುದ್ರಾಣಿ ನಾಲ್ಕು ಟೈಪ್‌ರೈಟರು ಕೊಟ್ಟು ಎರಡು ಕಂಪ್ಯೂಟರು ತಂದರು, ಟೆಲಿಫೋನ್ ಲೈನಿನಲ್ಲಿ ಇಂಟರ್‌ನೆಟ್ ಹಾಕಿಸಿದರು. ಊರಿನಲ್ಲಿ ಅದೇ ಮೊದಲನೆಯದು ಎಂದು ರೇವಣ್ಣ ಹೇಳಿಕೊಳ್ಳುತ್ತಿದ್ದ, ನನಗೆ ಗೊತ್ತಿಲ್ಲ. ಗುಡುಗಿದರೆ ಲೈನು ಹೋಗುತ್ತಿತ್ತು, ಕರೆಂಟು ಗುಡುಗಿಗೂ ಕಾಯುತ್ತಿರಲಿಲ್ಲ.

2006ರ ಮೇ ತಿಂಗಳಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ವೆಬ್‌ಸೈಟಿನಲ್ಲಿ ಬಂದ ದಿನ ಆ ಮೆಟ್ಟಿಲ ಮೇಲೆ ನಿಲ್ಲಲು ಜಾಗವಿರಲಿಲ್ಲ. ಒಬ್ಬೊಬ್ಬರ ನಂಬರು ಹೊಡೆದು, ಜಾಹೀರಾತಿನ ಚಿತ್ರಗಳೆಲ್ಲ ಇಳಿದು, ಅಂಕಗಳು ಕಾಣಿಸುವ ಹೊತ್ತಿಗೆ ನಾಲ್ಕೈದು ನಿಮಿಷ. ಸಂಜೆಯಾದರೂ ಅರ್ಧ ಮಕ್ಕಳಿಗೆ ಫಲಿತಾಂಶ ಸಿಗಲಿಲ್ಲ. ಕೊನೆಯ ಬಸ್ಸು ತಪ್ಪೀತೆಂದು ಹಾಗೇ ಎದ್ದು ಹೋದವರಿದ್ದರು. ಹಾಲ್ ಟಿಕೆಟ್ಟಿನ ತುದಿಯನ್ನು ಮಡಿಸುತ್ತ ಬಿಚ್ಚುತ್ತ ಕುಳಿತಿದ್ದ ಆ ಮಕ್ಕಳ ಮುಖ ರುದ್ರಾಣಿಯನ್ನು ಬಹಳ ದಿನ ಬಿಡಲಿಲ್ಲ.

"ಮುಂದಿನ ವರ್ಷ ಹೀಗಾಗ್ಬಾರ್ದು ಅಣ್ಣ," ಎಂದರು.

"ಇನ್ನೊಂದು ಲೈನು ಹಾಕ್ಸು," ಎಂದ ರೇವಣ್ಣ.

ಲೈನು ಸಿಗಲಿಲ್ಲ. ಚಿಕ್ಕಮಗಳೂರಿಗೆ ಹೋದಾಗ ತಂದ ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆಗಿದ್ದ ಸಿ.ಡಿ.ಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸಿಕ್ಕಿತು. ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ, ನಿಘಂಟು ಪಕ್ಕಕ್ಕಿಟ್ಟುಕೊಂಡು, ಅವರು ಅದನ್ನು ಕಲಿತರು. ಮೂವತ್ತೇಳನೇ ವಯಸ್ಸಿನಲ್ಲಿ, ಕೇಳಲು ಯಾರೂ ಇಲ್ಲದೆ. ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಕಟ್ಟಿಗೆ ಲೈಬ್ರರಿ ಎನ್ನುತ್ತಾರೆ, ವೆಬ್ ಪುಟ ಓದುವುದಕ್ಕೆಂದೇ ಅಂಥದೊಂದು ಲೈಬ್ರರಿ ಇದೆ ಎಂದು ಹೀಗೆ ಗೊತ್ತಾಯಿತು. ಅದರ ಹೆಸರಿನಲ್ಲಿ ಸೂಪ್ ಎಂಬ ಮಾತಿದ್ದುದರಿಂದ ಅವರು ಅದನ್ನು 'ಸಾರು' ಎಂದೇ ಕರೆಯುತ್ತಿದ್ದರು.

ಅವರು ನನಗೆ ವಿವರಿಸಿದ್ದು ಹೀಗೆ. ನಾವು ತೆರೆಯ ಮೇಲೆ ನೋಡುವ ಪುಟದ ಹಿಂದೆ ಇನ್ನೊಂದು ಬರಹವಿರುತ್ತದೆ. ಇಲ್ಲಿ ಕೋಷ್ಟಕ ಶುರು, ಇಲ್ಲಿ ಒಂದು ಸಾಲು ಶುರು, ಇಲ್ಲಿ ಆ ಸಾಲಿನ ಒಂದು ಮನೆ, ಅಂದರೆ ಚೌಕ, ಶುರು, ಇಲ್ಲಿಗೆ ಆ ಮನೆ ಮುಗಿಯಿತು ಎಂದು ಹೇಳುವ ಗುರುತುಗಳು ಅದರ ತುಂಬ ಇರುತ್ತವೆ. ಅವೇ ಟ್ಯಾಗುಗಳು. ಲೈಬ್ರರಿ ಅವನ್ನು ಓದಿ, ಯಾವುದರೊಳಗೆ ಯಾವುದಿದೆ ಎಂದು ಜೋಡಿಸಿ, ನಾವು ಕೇಳಿದ ಮನೆಯಲ್ಲಿರುವ ಅಕ್ಷರಗಳನ್ನು ಮಾತ್ರ ಎತ್ತಿ ಕೊಡುತ್ತದೆ. ಚಿತ್ರ, ಜಾಹೀರಾತು ಯಾವುದೂ ಬೇಡ. ಐದು ನಿಮಿಷದ ಕೆಲಸ ಅರ್ಧ ನಿಮಿಷಕ್ಕೆ ಇಳಿಯುತ್ತದೆ. ಪುಟ ಬರೆದವರು ಮುಚ್ಚುವ ಟ್ಯಾಗು ಹಾಕಲು ಮರೆತಿದ್ದರೂ ಅದು ಮುಗ್ಗರಿಸುವುದಿಲ್ಲ. ಈ ಮನೆ ಇಲ್ಲಿಗೆ ಮುಗಿದಿರಬೇಕು ಎಂದು ತಾನೇ ಊಹಿಸಿಕೊಂಡು ಮುಂದೆ ಹೋಗುತ್ತದೆ. ರುದ್ರಾಣಿಗೆ ಬಹಳ ಹಿಡಿಸಿದ್ದು ಅದರ ಈ ಗುಣವೇ.

ಹಿಂದಿನ ವರ್ಷದ ಕೆಲವು ಪುಟಗಳನ್ನು ಅವರು ಉಳಿಸಿಟ್ಟುಕೊಂಡಿದ್ದರು. ಅವುಗಳ ಮೇಲೆ ಚಳಿಗಾಲವೆಲ್ಲ ಅಭ್ಯಾಸ ಮಾಡಿದರು. ಊರಿನ ಕಾಲೇಜಿನ ಗಣಿತದ ಉಪನ್ಯಾಸಕ ಶಾಂತವೀರಪ್ಪನವರು ನೂರ ನಲವತ್ತಮೂರು ಮಕ್ಕಳ ಹೆಸರು, ನೋಂದಣಿ ಸಂಖ್ಯೆ ಬರೆದುಕೊಟ್ಟರು. ಆ ಪಟ್ಟಿಯನ್ನು ರುದ್ರಾಣಿ ಕಂಪ್ಯೂಟರಿಗೆ ಹೊಡೆದು, ಕೊನೆಯಿಂದ ಮೇಲಕ್ಕೆ ಎರಡು ಸಲ ಓದಿದರು. ತಪ್ಪು ಬರುವುದಾದರೆ ಅಲ್ಲೇ, ತಮ್ಮ ಬೆರಳಿನಿಂದಲೇ ಬರಬೇಕು ಎಂದುಕೊಂಡಿದ್ದರು.

2007ರ ಫಲಿತಾಂಶದ ದಿನ ಬೆಳಿಗ್ಗೆಯಿಂದಲೇ ಸೆಖೆ. ಪಡುವಲ ಗುಡ್ಡದ ಮೇಲೆ ಮೋಡ ಕಟ್ಟುತ್ತಿತ್ತು. ಫಲಿತಾಂಶ ತೋರಿಸುವ ಒಂದು ಖಾಸಗಿ ವೆಬ್‌ಸೈಟಿನಲ್ಲಿ ಹನ್ನೆರಡಕ್ಕೆ ಮೊದಲ ಪುಟ ತೆರೆಯಿತು. ತೆರೆದು ನೋಡಿದರೆ ಅದರ ರೂಪವೇ ಬದಲಾಗಿತ್ತು. ಮೆಟ್ಟಿಲ ತುಂಬ ಆಗಲೇ ಮಕ್ಕಳು. ಮೋಡ ಬೇರೆ, ಲೈನು ಯಾವಾಗ ಹೋಗುತ್ತದೋ ಹೇಳುವಂತಿರಲಿಲ್ಲ. ಇಪ್ಪತ್ತು ನಿಮಿಷ ಕುಳಿತು ಪ್ರೋಗ್ರಾಮನ್ನು ಹೊಸ ಪುಟಕ್ಕೆ ಹೊಂದಿಸಿದರು. ಫಲಿತಾಂಶವಿರುವ ಮನೆಯಲ್ಲಿ FAIL ಎಂಬ ಅಕ್ಷರಗಳಿದ್ದರೆ ಫೇಲು, ಇಲ್ಲದಿದ್ದರೆ ಪಾಸು. ಎರಡೇ ನಂಬರುಗಳನ್ನು ಹಾಕಿ ನೋಡಿದರು. ಒಬ್ಬ ಸೆಕೆಂಡ್ ಕ್ಲಾಸು, ಒಬ್ಬ ಫೇಲು. ಎರಡೂ ಸರಿ ಬಂತು. ಅಷ್ಟು ಸಾಕು ಎಂದುಕೊಂಡು ನೂರ ನಲವತ್ತಮೂರನ್ನೂ ಓಡಲು ಬಿಟ್ಟರು.

ಒಂದೂಕಾಲು ಗಂಟೆಯಲ್ಲಿ ಮುಗಿಯಿತು. ಪ್ರಿಂಟರು ಕಿರುಗುಟ್ಟಿ ನಾಲ್ಕು ಹಾಳೆ ಕೊಟ್ಟಿತು. ಮೆಟ್ಟಿಲ ಗೋಡೆಗೆ ಅಂಟಿಸಿದರು. ಮಕ್ಕಳು ಮುಗಿಬಿದ್ದರು, ಕಿರುಚಿದರು, ಒಬ್ಬಳು ಓಡಿಬಂದು ರುದ್ರಾಣಿಯನ್ನು ತಬ್ಬಿಕೊಂಡಳು. ಕೆಳಗೆ ಅಂಗಡಿಯಲ್ಲಿ ಕಲ್ಲುಸಕ್ಕರೆ ಹಂಚುತ್ತಿದ್ದ ರೇವಣ್ಣ, "ನನ್ನ ತಂಗಿ ಬರೆದ ಪ್ರೋಗ್ರಾಮು ಮಾರಾಯ!" ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಿದ್ದ. ಹದಿನೈದು ವರ್ಷದಲ್ಲಿ ಅಂಥ ಮಧ್ಯಾಹ್ನ ರುದ್ರಾಣಿಗೆ ಬಂದಿರಲಿಲ್ಲ.

ಗದ್ದಲ ಸ್ವಲ್ಪ ಇಳಿದ ಮೇಲೆ ಒಬ್ಬ ಹುಡುಗಿ ಬಾಗಿಲ ಹತ್ತಿರ ಬಂದು ನಿಂತಳು. ನೀಲಿ ಚೂಡಿದಾರ, ಎದೆಗೆ ಅವಚಿಕೊಂಡ ಬ್ಯಾಗು.

"ಟೀಚರ್, ಆ ಪಟ್ಟಿ ಸರಿಯಾಗಿದ್ಯಾ?"

ರುದ್ರಾಣಿ ತೆರೆಯಿಂದ ಕಣ್ಣು ತೆಗೆಯಲಿಲ್ಲ. "ಕಂಪ್ಯೂಟರೇ ಓದಿದ್ದು ಕಣೆ. ತಪ್ಪಾಗಲ್ಲ," ಎಂದರು. ಮತ್ತೆ ತಿರುಗಿ ನೋಡುವಷ್ಟರಲ್ಲಿ ಹುಡುಗಿ ಇರಲಿಲ್ಲ.

ಮೂರು ಗಂಟೆ ದಾಟಿರಬೇಕು. ಶಾಂತವೀರಪ್ಪನವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ರುದ್ರಾಣಿಯವ್ರೇ, ಕೃತಿಕಾ ಫೇಲು ಅಂತ ಹಾಕಿದೀರಲ್ಲ?"

"ಯಾರು ಸಾರ್ ಕೃತಿಕಾ?"

"ಬಾಳೂರು ಕಡೆ ಎಸ್ಟೇಟಲ್ಲಿ ರೈಟ್ರು ಚನ್ನಕೇಶವ ಇದಾರಲ್ಲ, ಅವ್ರ ಮಗಳು. ಗಣಿತದಲ್ಲಿ ಆ ಹುಡುಗಿಗೆ ನಾನೇ ಹೆದರ್ತೀನಿ. ಫೇಲಾಗೋಕೆ ಸಾಧ್ಯವೇ ಇಲ್ಲ. ಇನ್ನೊಂದ್ಸಲ ನೋಡಿ."

ರುದ್ರಾಣಿ ಆ ನಂಬರು ಹೊಡೆದರು. ಈ ಸಲ ಪ್ರೋಗ್ರಾಮಿಲ್ಲದೆ, ಎಲ್ಲರೂ ತೆರೆಯುವ ಹಾಗೆ. ಮೊದಲು ಮೇಲಿನ ಜಾಹೀರಾತು ಇಳಿಯಿತು. ಆಮೇಲೆ ಒಂದು ಸಾಬೂನಿನ ಚಿತ್ರ, ಮೇಲಿನಿಂದ ಕೆಳಗೆ, ಗೆರೆ ಗೆರೆಯಾಗಿ. ಶಾಂತವೀರಪ್ಪನವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ನಾಲ್ಕು ನಿಮಿಷವಾದ ಮೇಲೆ ಅಂಕಗಳು ಕಾಣಿಸಿದವು. ಗಣಿತ ತೊಂಬತ್ತೇಳು. ಭೌತಶಾಸ್ತ್ರ ಎಂಬತ್ತೊಂಬತ್ತು. ಕೆಳಗೆ ಫಲಿತಾಂಶ: DISTINCTION.

ರುದ್ರಾಣಿ ಪುಟದ ಹಿಂದಿನ ಬರಹ ತೆರೆದರು. ಕಣ್ಣು ಸಾಲಿನಿಂದ ಸಾಲಿಗೆ ಓಡಿ ಒಂದು ಕಡೆ ನಿಂತಿತು. DISTINCTION ಎಂಬ ಪದದ ಮುಂದೆ ಇರಬೇಕಾದ ಮುಚ್ಚುವ ಟ್ಯಾಗು ಇರಲಿಲ್ಲ. ಅದರ ಬೆನ್ನಿಗೇ ಸಣ್ಣಕ್ಷರದಲ್ಲಿ ಎಲ್ಲರ ಪುಟದಲ್ಲೂ ಇರುವ ಸೂಚನೆ: FAIL ಆದವರು ಪೂರಕ ಪರೀಕ್ಷೆಗೆ ಇಂಥ ದಿನದೊಳಗೆ ಅರ್ಜಿ ಹಾಕಬೇಕು. ಮನೆ ಎಲ್ಲಿ ಮುಗಿಯಿತೆಂದು ತಿಳಿಯದೆ ಲೈಬ್ರರಿ ಆ ಸೂಚನೆಯನ್ನೂ ಒಳಗೆ ಸೇರಿಸಿಕೊಂಡಿತ್ತು. ರುದ್ರಾಣಿಯ ಪ್ರೋಗ್ರಾಮು ಅಲ್ಲಿ FAIL ಎಂಬ ನಾಲ್ಕಕ್ಷರ ಕಂಡು, ಫೇಲು ಎಂದು ಬರೆದಿತ್ತು. ಬೇರೆ ದರ್ಜೆಯವರ ಪುಟದಲ್ಲಿ ಟ್ಯಾಗು ಸರಿಯಾಗಿಯೇ ಮುಚ್ಚಿತ್ತು. ತಪ್ಪಾದದ್ದು ಡಿಸ್ಟಿಂಕ್ಷನ್ ಬಂದವರಿಗೆ ಮಾತ್ರ.

"ಸಾರ್, ಇಡೀ ಕಾಲೇಜಲ್ಲಿ ಚೆನ್ನಾಗಿ ಓದಿದವ್ರನ್ನೇ ಫೇಲ್ ಮಾಡಿದೀನಿ ನಾನು," ಎಂದರು.

ಪಟ್ಟಿಯಲ್ಲಿ ಫೇಲು ಎಂದಿದ್ದವರು ಮೂವತ್ತೊಂದು ಜನ. ಪ್ರೋಗ್ರಾಮಿಗೆ ಆ ಮನೆಯ ಅಕ್ಷರಗಳನ್ನೆಲ್ಲ ಇದ್ದ ಹಾಗೇ ತೋರಿಸು ಎಂದು ಹೇಳಿ ಮತ್ತೆ ಓಡಿಸಿದರು. ಹದಿನೈದು ನಿಮಿಷದಲ್ಲಿ ಗೊತ್ತಾಯಿತು. ತಪ್ಪು ಮೂವರದ್ದು. ಒಬ್ಬ ಪೇಟೆಯ ಹುಡುಗ ದರ್ಶನ್, ಹೋಟೆಲಿನ ಎದುರು ಮಂಕಾಗಿ ನಿಂತಿದ್ದವನನ್ನು ರೇವಣ್ಣ ಹೋಗಿ ಕರೆತಂದ. ಇನ್ನೊಬ್ಬನ ಮನೆಗೆ ಫೋನು ಸಿಕ್ಕಿತು. ಅವನ ತಂದೆ ಆಗಲೇ ಅವನಿಗೆ ಎರಡೇಟು ಹಾಕಿಯಾಗಿತ್ತು. ಉಳಿದವಳು ಕೃತಿಕಾ.

"ನೀಲಿ ಚೂಡಿದಾರದ ಹುಡುಗಿಯಾ ಸಾರ್? ಬ್ಯಾಗು ಹಿಡ್ಕೊಂಡು?"

"ಹೌದು, ಅವಳೇ. ಮಾತು ಕಡಿಮೆ."

ಎಸ್ಟೇಟಿನ ಬಂಗಲೆಗೆ ಫೋನು ಮಾಡಿದರು. ಗಂಟೆಯೇ ಹೋಗಲಿಲ್ಲ. ಆ ಕಡೆ ಆಗಲೇ ಗುಡುಗು ಶುರುವಾಗಿರಬೇಕು. ಮತ್ತೆ ಮಾಡಿದರು, ಮತ್ತೆ. ಯಾವ ಊರಲ್ಲೋ ಹಿಂದಿನ ವರ್ಷ ಫಲಿತಾಂಶದ ಮರುದಿನ ಪೇಪರಿನಲ್ಲಿ ಬಂದಿದ್ದ ಒಂದು ಸಣ್ಣ ಸುದ್ದಿ, ಅದರ ಪಕ್ಕದ ಪಾಸ್‌ಪೋರ್ಟ್ ಸೈಜಿನ ಫೋಟೋ ರುದ್ರಾಣಿಯ ಕಣ್ಣ ಮುಂದೆ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮೆಟ್ಟಿಲಿಳಿದರು.

ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ, ಎರಡೂವರೆಯ ಮೂಡಿಗೆರೆ ಬಸ್ಸಿಗೆ ಅಂಥದೊಂದು ಹುಡುಗಿ ಹತ್ತಿತು ಎಂದರು. ಬಾಳೂರು ದಾರಿಯಲ್ಲೇ ಹೋಗುವ ಬಸ್ಸು. ಜವರಯ್ಯನ ಜೀಪು ಆಲದ ಮರದ ಕೆಳಗೆ ನಿಂತಿತ್ತು. ಹತ್ತು ಜನ ತುಂಬದೆ ಹೊರಡುವ ಪೈಕಿಯಲ್ಲ ಜವರಯ್ಯ. ರುದ್ರಾಣಿಯ ಮುಖ ನೋಡಿ, ಹತ್ತಿ ಕುಳಿತಿದ್ದ ನಾಲ್ವರನ್ನು ಇಳಿಸಿದ.

"ಎಲ್ಲಿಗೆ ಟೀಚರ್?"

"ಬಾಳೂರು ಕಡೆಗೆ. ದಾರಿ ಉದ್ದಕ್ಕೂ ನೋಡ್ಕೊಂಡು ಹೋಗ್ಬೇಕು ಜವರಯ್ಯ. ಆದ್ರೆ ಬೇಗ ಹೋಗ್ಬೇಕು."

ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ಜವರಯ್ಯ ಕೇಳಲಿಲ್ಲ. ಶಾಂತವೀರಪ್ಪನವರು ಕಾಲೇಜಿನ ಹತ್ತಿರ ಹುಡುಕಲು ಉಳಿದರು. ರೇವಣ್ಣ ಅಂಗಡಿಯ ಬಾಗಿಲೆಳೆದು ಜೀಪಿನ ಹಿಂದೆ ಹತ್ತಿದ.

ಮೊದಲ ಹೊಳೆಯ ಸೇತುವೆ ಬಂದಾಗ ರುದ್ರಾಣಿ ಜೀಪು ನಿಲ್ಲಿಸಲು ಹೇಳಿದರು. ಇಳಿದು ಕಟ್ಟೆ ಹಿಡಿದು ಬಗ್ಗಿ ನೋಡಿದರು. ಬೇಸಿಗೆಯ ನೀರು, ಕಲ್ಲುಗಳ ನಡುವೆ ತೆಳ್ಳಗೆ. ಯಾರೋ ಇಬ್ಬರು ಹೆಂಗಸರು ಬಟ್ಟೆ ಸೆಣೆಯುತ್ತಿದ್ದರು. ವಾಪಸು ಬಂದು ಕುಳಿತಾಗ ರೇವಣ್ಣ ಹಿಂದಿನಿಂದ ಹೇಳಿದ, "ಬಸ್ಸು ಹತ್ತಿದಾಳೆ ಅಂದ್ರಲ್ಲೇ. ಇಲ್ಲೆಲ್ಲಿ ಇರ್ತಾಳೆ?"

"ಗೊತ್ತು ಅಣ್ಣ."

ಗೊತ್ತಿದ್ದರೂ ಮುಂದಿನ ಸೇತುವೆಯಲ್ಲೂ ಇಳಿದರು. ಕಾಫಿ ತೋಟಗಳ ನಡುವೆ ರಸ್ತೆ ತಿರುಗಿ ತಿರುಗಿ ಏರುತ್ತಿತ್ತು. ಪ್ರತಿ ತಿರುವಿನಲ್ಲೂ ನೀಲಿ ಬಣ್ಣದ್ದು ಏನಾದರೂ ಕಂಡರೆ ಅವರ ಕೈ ಡ್ಯಾಶ್‌ಬೋರ್ಡಿಗೆ ಹೋಗುತ್ತಿತ್ತು. ಒಂದು ಸಲ ಅದು ಗೊಬ್ಬರದ ಚೀಲ. ಇನ್ನೊಂದು ಸಲ ಬೇಲಿಗೆ ಒಣಹಾಕಿದ ಲುಂಗಿ. ಮಡಿಲಲ್ಲಿ ಅವರು ಒಂದು ಹಾಳೆ ಇಟ್ಟುಕೊಂಡಿದ್ದರು, ಕೃತಿಕಾಳ ಅಂಕಗಳ ಪುಟದ ಪ್ರಿಂಟು. ಅದರ ಮೇಲೆ ಅಂಗೈಯ ಬೆವರು ಇಳಿದು ಶಾಯಿ ಹರಡತೊಡಗಿತು. ಸೆರಗಿನಲ್ಲಿ ಒತ್ತಿ ಒತ್ತಿ ಒರೆಸಿದರು. ತಾವು ಆ ಹುಡುಗಿಗೆ ಹೇಳಿದ ಮಾತು, ಹೇಳುವಾಗ ಇದ್ದ ಹೆಮ್ಮೆ, ಎರಡೂ ಅವರ ಕಿವಿಯಲ್ಲಿ ಮತ್ತೆ ಮತ್ತೆ ಕೇಳುತ್ತಿತ್ತಂತೆ. ತಲೆ ಎತ್ತಿ ಒಂದು ಸಲ ಆ ಮುಖ ನೋಡಿದ್ದರೂ ಸಾಕಿತ್ತು, ನಂಬರು ಕೇಳುತ್ತಿದ್ದೆ, ನಾಲ್ಕು ನಿಮಿಷದ ಕೆಲಸ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ಹಿರೇಬೈಲು ದಾಟಿ ಸ್ವಲ್ಪ ದೂರದಲ್ಲಿ ಎದುರಿನಿಂದ ಒಂದು ಸ್ಕೂಟರು ಬಂತು. ಜವರಯ್ಯ ಹಾರ್ನು ಹೊಡೆದು ನಿಲ್ಲಿಸಿದ. "ಇವ್ರೇ ಟೀಚರ್, ಚನ್ನಕೇಶವಣ್ಣ."

ಐವತ್ತರ ಆಸುಪಾಸಿನ ಮನುಷ್ಯ, ಖಾಕಿ ಚಡ್ಡಿ, ಜೇಬಿನಲ್ಲಿ ಎರಡು ಪೆನ್ನು. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ಕೆಲಸ. ಸ್ಕೂಟರು ಸ್ಟ್ಯಾಂಡು ಹಾಕಲೂ ಅವರಿಗೆ ಆಗುತ್ತಿರಲಿಲ್ಲ.

"ಮಗಳನ್ನ ಕಂಡ್ರಾ ಜವರಯ್ಯ? ಬಸ್ಸಿಂದ ಇಳಿದ ಯಾರೋ ಹೇಳಿದ್ರು, ಫೇಲಂತೆ, ಪಟ್ಟಿ ಹಾಕಿದಾರೆ ಅಂತ. ಮನೆಗೆ ಬಂದಿಲ್ಲ ಅವ್ಳು. ಅವಳಮ್ಮ ಸಾವಿತ್ರಮ್ಮ ಅಲ್ಲಿ ಅಂಗಳದಲ್ಲೇ ಕೂತುಬಿಟ್ಟಿದಾಳೆ. ನಾನು ಕಳಸಕ್ಕೇ ಹೊರಟೆ."

ರುದ್ರಾಣಿ ಇಳಿದು ಅವರ ಎದುರು ನಿಂತರು. "ಪಟ್ಟಿ ಮಾಡಿದ್ದು ನಾನೇ. ಅದು ತಪ್ಪು. ನಿಮ್ಮ ಮಗಳು ಡಿಸ್ಟಿಂಕ್ಷನ್," ಎಂದು ಹಾಳೆ ಚಾಚಿದರು.

ಚನ್ನಕೇಶವ ಹಾಳೆ ತೆಗೆದುಕೊಂಡರು. ಓದಿದರು. ಮುಖ ಅರಳಲಿಲ್ಲ.

"ಅದೂ ನಿಮ್ಮ ಮಿಷನ್ನಿಂದಲೇ ಬಂದಿದ್ದು, ಇದೂ ನಿಮ್ಮ ಮಿಷನ್ನಿಂದಲೇ ಬಂದಿದ್ದು. ಯಾವ ಕಾಗದ ನಂಬ್ಲಿ ಮೇಡಂ ನಾನು?" ಎಂದರು. ಕೋಪವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. "ನಮ್ಮನ್ನ ಸಮಾಧಾನ ಮಾಡೋಕೆ ಬರ್ಸ್ಕೊಂಡು ಬಂದಿದೀರಾ?"

"ಇಲ್ಲ. ಪುಟ ನಾನೇ ಕಣ್ಣಾರೆ ನೋಡಿದೀನಿ, ನಿಮ್ಮ ಶಾಂತವೀರಪ್ಪ ಸಾರೂ ನೋಡಿದಾರೆ. ಮೊದಲಿನದನ್ನ ನಾನು ನೋಡಿರ್ಲಿಲ್ಲ. ನೋಡದೇನೇ ಅಂಟಿಸ್ದೆ."

ಅವರಿಬ್ಬರೂ ಹಾಗೆ ನಿಂತಿರುವಾಗ ಮೂಡಿಗೆರೆ ಕಡೆಯಿಂದ ಕಳಸದ ಬಸ್ಸು ಬಂತು. ಜವರಯ್ಯ ರಸ್ತೆಗೆ ಅಡ್ಡ ನಿಂತು ಕೈಯೆತ್ತಿದ. ಎರಡೂವರೆಯ ಬಸ್ಸು ಘಾಟಿ ತಿರುವಿನಲ್ಲಿ ಎದುರಾದಾಗ ಎರಡೂ ಬಸ್ಸಿನ ಕಂಡಕ್ಟರುಗಳು ಮಾತಾಡಿಕೊಂಡಿದ್ದರಂತೆ. "ರೈಟ್ರ ಮಗಳಲ್ವಾ? ತನ್ನ ಸ್ಟಾಪಿಗಿಂತ ಮುಂಚೇನೇ ಇಳಿದ್ಲಂತೆ, ಪ್ರೈಮರಿ ಶಾಲೆ ಹತ್ರ. ಯಾಕಮ್ಮ ಇಲ್ಲಿ ಅಂದ್ರೆ ಮಾತೇ ಇಲ್ವಂತೆ," ಎಂದ ಈ ಕಂಡಕ್ಟರು.

ಚನ್ನಕೇಶವ ಸ್ಕೂಟರನ್ನು ಅಲ್ಲೇ ಬಿಟ್ಟು ಜೀಪು ಹತ್ತಿದರು. ಶಾಲೆಯ ಹಿಂದೆ ಒಂದು ಹಳೆಯ ಕಲ್ಲುಬಾವಿ ಇದೆ. ಅದು ಜೀಪಿನಲ್ಲಿದ್ದ ಜವರಯ್ಯನಿಗೆ ಗೊತ್ತಿತ್ತು, ಚನ್ನಕೇಶವರಿಗೆ ಗೊತ್ತಿತ್ತು. ರುದ್ರಾಣಿಗೆ ಗೊತ್ತಿರಲಿಲ್ಲ. ಹನಿ ಬೀಳತೊಡಗಿತು.

ಬೇಸಿಗೆ ರಜೆ. ಶಾಲೆಯ ಗೇಟಿಗೆ ಬೀಗ. ಚನ್ನಕೇಶವ ನೆಟ್ಟಗೆ ಹಿಂದಕ್ಕೆ, ಬಾವಿಯ ಕಡೆಗೆ ಓಡಿದರು. ಅವರು ಯಾಕೆ ಆ ಕಡೆ ಓಡಿದರೆಂದು ರುದ್ರಾಣಿಗೆ ಬಾವಿಕಟ್ಟೆ ಕಂಡಾಗ ಗೊತ್ತಾಯಿತು. ಕಾಂಪೌಂಡಿನ ಗಿಡ್ಡ ಗೋಡೆ ಹಿಡಿದುಕೊಂಡು ನಿಂತರು. ಅಲ್ಲಿಂದ ಶಾಲೆಯ ಜಗುಲಿ ಕಾಣುತ್ತಿತ್ತು. ಜಗುಲಿಯ ಮೂಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು, ನೀಲಿ ಚೂಡಿದಾರದ ಹುಡುಗಿ ಕುಳಿತಿದ್ದಳು.

"ಇಲ್ಲಿದಾಳೆ!" ಎಂದು ಕೂಗಿದರು. ಮತ್ತೆ ಕೂಗಿದರು.

ಕೃತಿಕಾಳ ತೊಡೆಯ ಮೇಲೆ ಗಣಿತದ ಪ್ರಶ್ನೆಪತ್ರಿಕೆ ಹರಡಿತ್ತು. ನೋಟ್ ಪುಸ್ತಕದ ಎಂಟ್ಹತ್ತು ಪುಟ ತುಂಬ ಲೆಕ್ಕ. ಮಾರ್ಚಿನಲ್ಲಿ ಪರೀಕ್ಷೆಯಲ್ಲಿ ಬರೆದ ಉತ್ತರಗಳನ್ನು ನೆನಪಿನಿಂದ ಮತ್ತೆ ಬರೆದು, ಎಲ್ಲಿ ತಪ್ಪಾಗಿರಬಹುದೆಂದು ಹುಡುಕುತ್ತಿದ್ದಳು. ಅತ್ತ ಗುರುತು ಕೆನ್ನೆಯಲ್ಲಿ ಒಣಗಿತ್ತು. ಅಪ್ಪ ಬಂದು ಅವಳ ತಲೆ ಹಿಡಿದುಕೊಂಡಾಗ, "ಹೇಗೆ ನೋಡಿದ್ರೂ ತೊಂಬತ್ತಕ್ಕೆ ಕಡಿಮೆ ಬರಲ್ಲ ಅಪ್ಪ. ಎಲ್ಲಿ ಹೋಯ್ತು ಅಂತ ಗೊತ್ತಾಗ್ತಿಲ್ಲ. ಮನೆಗೆ ಬಂದು ಏನಂತ ಹೇಳ್ಲಿ ಅಂತ ಇಲ್ಲೇ ಕೂತೆ," ಎಂದಳು.

ರುದ್ರಾಣಿ ಹಾಳೆ ಕೊಟ್ಟರು. ಆಗಿದ್ದನ್ನು ಹೇಳಿದರು. ಮುಚ್ಚದ ಟ್ಯಾಗು, ಸಣ್ಣಕ್ಷರದ ಸೂಚನೆ, ತಾವು ಎರಡೇ ನಂಬರು ನೋಡಿ ಬಿಟ್ಟದ್ದು, ಎಲ್ಲ. ಹುಡುಗಿ ಹಾಳೆಯನ್ನು ಎರಡು ಸಲ ಓದಿದಳು. ಗಣಿತದ ಅಂಕದ ಮೇಲೆ ಬೆರಳಿಟ್ಟಳು. ಆಮೇಲೆ ರುದ್ರಾಣಿಯ ಮುಖ ನೋಡಿದಳು.

"ನಾನು ಆಗ್ಲೇ ಕೇಳಿದ್ನಲ್ಲ ಟೀಚರ್."

"ಕೇಳಿದ್ದೆ."

ಕೃತಿಕಾ ಪುಸ್ತಕ ಬ್ಯಾಗಿಗೆ ತುಂಬಿ ಎದ್ದಳು. ಜೀಪು ಎಸ್ಟೇಟಿನ ಲೈನ್ ಮನೆಗಳ ಸಾಲಿನ ಮುಂದೆ ನಿಂತಾಗ ಸಾವಿತ್ರಮ್ಮ ಅಂಗಳದಿಂದ ಎದ್ದು ಬಂದು ಮಗಳ ತೋಳು, ಬೆನ್ನು, ತಲೆ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ರುದ್ರಾಣಿಗೆ ಕಾಫಿ ತಂದುಕೊಟ್ಟರು. ಅದನ್ನು ಕುಡಿಯುವುದು ಆ ದಿನದ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತಂತೆ.

ಮರುದಿನ ಬೆಳಿಗ್ಗೆ ರುದ್ರಾಣಿ ಮೆಟ್ಟಿಲ ಗೋಡೆಯ ನಾಲ್ಕು ಹಾಳೆಗಳನ್ನು ಕಿತ್ತರು. ಅಲ್ಲೇ ಕೈಬರಹದ ಒಂದು ಹಾಳೆ ಅಂಟಿಸಿದರು: 'ನಿನ್ನೆ ಹಾಕಿದ್ದ ಪಟ್ಟಿಯಲ್ಲಿ ಮೂವರ ಫಲಿತಾಂಶ ತಪ್ಪಾಗಿತ್ತು. ಮೂವರಿಗೂ ಡಿಸ್ಟಿಂಕ್ಷನ್ ಬಂದಿದೆ. ತಪ್ಪು ನನ್ನದು. ರುದ್ರಾಣಿ.'

"ವೆಬ್‌ಸೈಟಿನವ್ರು ಟ್ಯಾಗು ಮರ್ತ್ರೆ ನಿನ್ನ ತಪ್ಪು ಹೇಗಾಗತ್ತೆ?" ಎಂದು ರೇವಣ್ಣ ಜಗಳಕ್ಕೇ ಬಂದ. "ಕಂಪ್ಯೂಟರ್ ತಪ್ಪು ಅಂತ ಬರಿ. ಯಾರು ಕೇಳ್ತಾರೆ?"

"ಅಂಟಿಸಿದ್ದು ಕಂಪ್ಯೂಟರ್ ಅಲ್ಲ ಅಣ್ಣ."

ಏಟು ತಿಂದ ಹುಡುಗನ ಮನೆಗೂ ಹೋಗಿ ಬಂದರು. ಅವನ ತಂದೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಪೇಟೆಯಲ್ಲಿ ಕೆಲವು ದಿನ 'ರುದ್ರಾಣಿ ಪಾಸು, ರುದ್ರಾಣಿ ಫೇಲು' ಎಂದು ತಮಾಷೆ ನಡೆಯಿತು. ಅರ್ಜಿ ಟೈಪ್ ಮಾಡಿಸಲು ಬರುತ್ತಿದ್ದ ಕೆಲವರು ಬರುವುದನ್ನು ಬಿಟ್ಟರು. ಇನ್ನು ಪ್ರೋಗ್ರಾಮಿನ ಗೊಡವೆಗೇ ಹೋಗುವುದಿಲ್ಲ ಎಂದು ಅವರು ಐದು ತಿಂಗಳು ಪೈಥಾನ್ ತೆರೆಯಲಿಲ್ಲ.

ಮತ್ತೆ ತೆರೆಸಿದವಳು ಕೃತಿಕಾ. ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಸೇರಿದ್ದಳು. ದಸರಾ ರಜೆಯಲ್ಲಿ ಒಂದು ದಿನ ಮೆಟ್ಟಿಲು ಹತ್ತಿ ಬಂದು, "ಎಲ್ಲಿ ತಪ್ಪಾಗಿತ್ತು ತೋರ್ಸಿ ಟೀಚರ್, ನಾನೂ ನೋಡ್ಬೇಕು," ಎಂದಳು. ರುದ್ರಾಣಿ ತೋರಿಸಿದರು. ಅವಳು ಕುರ್ಚಿ ಎಳೆದುಕೊಂಡು ಬಹಳ ಹೊತ್ತು ನೋಡಿ, "ಇದು FAIL ಇದ್ಯಾ ಅಂತ ಮಾತ್ರ ಕೇಳ್ತಿದೆ. ಬೇರೆ ಏನೋ ಸೇರ್ಕೊಂಡಿದ್ಯಾ ಅಂತ ಕೇಳೋದೇ ಇಲ್ವಲ್ಲ," ಎಂದಳು. ಇಬ್ಬರೂ ಸೇರಿ ಆ ಭಾಗವನ್ನು ಹೊಸದಾಗಿ ಬರೆದರು. ಮನೆಯಲ್ಲಿ ಇರಬಹುದಾದ ಪದಗಳು ಡಿಸ್ಟಿಂಕ್ಷನ್ನಿನಿಂದ ಫೇಲಿನವರೆಗೆ ಐದೇ ಐದು. ಆ ಐದರಲ್ಲಿ ಒಂದು, ಅದೊಂದೇ ಇದ್ದರೆ ಸರಿ. ಒಂದಕ್ಷರ ಹೆಚ್ಚಿದ್ದರೂ ಪ್ರೋಗ್ರಾಮು ಊಹಿಸಕೂಡದು, 'ನೋಡಬೇಕು' ಎಂದು ಬರೆದು ಮುಂದೆ ಹೋಗಬೇಕು. ಕೃತಿಕಾ ಈಗ ಮೂಡಿಗೆರೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ.

2008ರ ಫಲಿತಾಂಶದ ದಿನ ನಾನು ಊರಿನಲ್ಲಿದ್ದೆ. ರುದ್ರಾಣಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಪ್ರೋಗ್ರಾಮು ಓಡಿ ಮುಗಿದಾಗ ಒಂಬತ್ತು ಹೆಸರುಗಳ ಮುಂದೆ 'ನೋಡಬೇಕು' ಎಂದಿತ್ತು. ಅವನ್ನೂ, ಫೇಲು ಎಂದಿದ್ದ ಪ್ರತಿಯೊಂದನ್ನೂ, ಅವರು ಒಂದೊಂದಾಗಿ ತೆರೆದು ಕಣ್ಣಾರೆ ಓದತೊಡಗಿದರು. ಗೋಡೆಗೆ ಏನೂ ಅಂಟಿಸಲಿಲ್ಲ. ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳುವುದೆಂದು ಮೊದಲೇ ತೀರ್ಮಾನಿಸಿದ್ದರು. ಕೆಳಗೆ ಮಕ್ಕಳು ಗಲಾಟೆ ಮಾಡಿದರು. ಯಾರೋ ಒಬ್ಬರು ತಂದೆ ಮೇಲೆ ಬಂದು, "ಇನ್ನೂ ಎಷ್ಟು ಹೊತ್ತು ಮೇಡಂ? ಬಸ್ಸಿಗೆ ಹೊತ್ತಾಯ್ತು," ಎಂದು ರೇಗಿದರು.

"ಕೂತ್ಕೊಳ್ಳಿ," ಎಂದರು ರುದ್ರಾಣಿ. ಈ ಸಲ ತಲೆ ಎತ್ತಿ ಅವರ ಮುಖ ನೋಡಿ, ಮಗಳ ನಂಬರು ಕೇಳಿ ಬರೆದುಕೊಂಡರು. ತೆರೆಯ ಮೇಲೆ ಪುಟ ಇನ್ನೂ ಇಳಿಯುತ್ತಿತ್ತು.